ದ್ವೀಪ ಎಣಿಸಿದ ಬೋರ್ಡು

ಬರೆಸಿಕೊಳ್ಳುವುದು, ಒರೆಸಿಕೊಳ್ಳುವುದು, ಇದೇ ನನ್ನ ಉದ್ಯೋಗ. ನಾನೊಂದು ಬಿಳಿ ಬೋರ್ಡು. ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ತೆಳು ತಗಡಿಗೆ ಬಿಳಿ ಬಣ್ಣ ಹೊಡೆದು, ಬೆನ್ನಿಗೆ ಹಲಗೆ ಅಂಟಿಸಿ, ಸುತ್ತ ಅಲ್ಯೂಮಿನಿಯಂ ಪಟ್ಟಿ ಕೂರಿಸಿದರು. ಕೊನೆಗೆ ಒಬ್ಬ ಹೆಂಗಸು ಬಂದು ನನ್ನ ಮುಖ ಒರೆಸಿ, ಆ ಹೊಳಪಿನಲ್ಲೇ ತನ್ನ ಮೂಗುತಿ ಸರಿಮಾಡಿಕೊಂಡಳು. ನಾನು ಈ ಲೋಕದಲ್ಲಿ ಮೊದಲು ಕಂಡದ್ದು ಆ ಮೂಗುತಿಯನ್ನೇ.

ಮೈಸೂರಿನ ಫಿಲೋಮಿನಾ ಟೀಚರ್ ನನ್ನನ್ನು ತಮ್ಮ ಹೊಲಿಗೆ ಕ್ಲಾಸಿಗೆ ಕೊಂಡುತಂದರು. ಅಲ್ಲಿ ನನ್ನ ಮೈತುಂಬ ರವಿಕೆಗಳು. ದೋಣಿ ಕತ್ತು, ಮಡಕೆ ಕತ್ತು, ಪಫ್ ತೋಳು. ಕಲಿಯಲು ಬಂದ ಹೆಂಗಸರು ಹೊಲಿದದ್ದಕ್ಕಿಂತ ನಕ್ಕದ್ದೇ ಹೆಚ್ಚು. ಟೀಚರಿಗೆ ಮಂಡಿನೋವು ಜಾಸ್ತಿಯಾಗಿ ಕ್ಲಾಸು ಮುಚ್ಚುವ ಹೊತ್ತಿಗೆ, ರವಿಕೆ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿಸಲು ಬಂದವಳು ವಸುಧಾ.

"ಟೀಚರ್, ಈ ಬೋರ್ಡು ಏನ್ಮಾಡ್ತೀರ?"

"ತಗೊಂಡ್ಹೋಗಮ್ಮ. ಏನು, ನೀನೂ ಕ್ಲಾಸ್ ಶುರು ಮಾಡ್ತೀಯಾ?"

"ಇಲ್ಲ ಟೀಚರ್. ನಾನೇ ಕಲೀಬೇಕು."

ಆಟೋದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟುಕೊಂಡು ನನ್ನನ್ನು ಮನೆಗೆ ತಂದಳು. ಊಟದ ಮನೆಯ ಗೋಡೆಗೆ ತೂಗುಹಾಕಿದಳು. ಅಡುಗೆಮನೆ ಬಾಗಿಲಿಗೆ ನಾನು ಎದುರು. ಹಾಗಾಗಿ ನನಗೆ ಒಗ್ಗರಣೆಯ ಘಾಟೂ ಗೊತ್ತು, ವಸುಧಾಳ ನಿಟ್ಟುಸಿರೂ ಗೊತ್ತು.

ಮಗಳು ಹುಟ್ಟುವ ಮೊದಲು ಅವಳು ಕಂಪ್ಯೂಟರ್ ಕೆಲಸದಲ್ಲಿದ್ದಳಂತೆ. ಮಗಳು ಈಗ ಹೈಸ್ಕೂಲು. ವಸುಧಾಳಿಗೆ ಮತ್ತೆ ಕೆಲಸ ಬೇಕು. ಅನ್ನಕ್ಕೆ ಕಡಿಮೆಯಾಗಿ ಅಲ್ಲ, ಗಂಡ ಪ್ರಸನ್ನ ಕೆಟ್ಟವನೂ ಅಲ್ಲ. ತನ್ನ ತಲೆ ಇನ್ನೂ ಓಡುತ್ತದೆಯೇ ಎಂಬ ಒಂದು ಅನುಮಾನ ಅವಳ ಜೊತೆಯಲ್ಲೇ ಏಳುತ್ತಿತ್ತು, ಜೊತೆಯಲ್ಲೇ ಮಲಗುತ್ತಿತ್ತು. ಹಿಂದಿನ ವರ್ಷ ಒಂದು ಇಂಟರ್ವ್ಯೂ ಕೊಟ್ಟು ಸೋತಿದ್ದಳು. ಅತ್ತೆ ಸರ್ವಮಂಗಳಮ್ಮನವರು ಹೆಮ್ಮೆಯಿಂದ ನೆಂಟರಿಗೆಲ್ಲ ಮೊದಲೇ ಹೇಳಿಬಿಟ್ಟಿದ್ದರಿಂದ, ಆಮೇಲೆ ಮದುವೆ, ಮುಂಜಿ ಯಾವುದಕ್ಕೆ ಹೋದರೂ ಎಲೆ ಮುಂದೆ ಕೂತವರೆಲ್ಲ, "ಪಾಪ, ಸಿಗಲಿಲ್ವಂತೆ," ಎನ್ನುತ್ತಿದ್ದರು. ಆ "ಪಾಪ" ಅವಳಿಗೆ ಸೋಲಿಗಿಂತ ಹೆಚ್ಚು ಚುಚ್ಚಿತ್ತು. ಈ ಸಲ ಗಂಡನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. "ಕಲಿತದ್ದು ಮರೆತುಹೋಗಬಾರದು ಅಂತ ಅತ್ತೆ, ಅಷ್ಟೇ," ಎಂದಳು.

ಮಧ್ಯಾಹ್ನ ಪಾತ್ರೆಯ ಸದ್ದು ನಿಂತ ಮೇಲೆ ನಮ್ಮ ಅಭ್ಯಾಸ ಶುರು. ಇಂಟರ್ವ್ಯೂಗಳಲ್ಲಿ ಕೇಳುವ ಸಮಸ್ಯೆಗಳನ್ನು ಅವಳು ರಸ್ಟ್ ಎಂಬ ಭಾಷೆಯಲ್ಲಿ ಬಿಡಿಸುತ್ತಿದ್ದಳು. ಯಂತ್ರದ ಹೊಟ್ಟೆಯೊಳಗಿನ ಕೆಲಸಕ್ಕೆ ಬಳಸುವ ಭಾಷೆಯಂತೆ, ಮಹಾ ಮಡಿವಂತ. ಒಂದು ವಸ್ತುವಿಗೆ ಒಬ್ಬರೇ ಯಜಮಾನರು. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಇಣುಕಲೂ ಕೂಡದು. ಅವಳು ಮೊದಲು ನನ್ನ ಮೇಲೆ ಬರೆಯುತ್ತಿದ್ದಳು, ಆಮೇಲೆ ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಕಂಪೈಲರ್ ಎಂಬುದು ಅದನ್ನು ಓದಿ, ಕೆಂಪು ಅಕ್ಷರಗಳಲ್ಲಿ ತಪ್ಪು ತೋರಿಸುತ್ತಿತ್ತು.

"ಮತ್ತೆ ಬೈದನೇನೇ ಅವನು?" ಎಂದು ಸರ್ವಮಂಗಳಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದರು.

"ಅತ್ತೆ, ಅವನು ಮನುಷ್ಯ ಅಲ್ಲ."

"ಅದು ಗೊತ್ತಾಯ್ತು ಬಿಡು. ಮನುಷ್ಯ ಆಗಿದ್ರೆ ಒಂದು ದಿನನಾದ್ರೂ ಸುಮ್ಮನಿರ್ತಿದ್ದ."

ವಸುಧಾ ನಗುತ್ತಿದ್ದಳು. ತಪ್ಪು ತಿದ್ದಿ, ಕೆಂಪು ಹೋಗಿ ಹಸಿರು ಬಂದಾಗ ಕುರ್ಚಿಯಲ್ಲೇ ಒಂದು ಸುತ್ತು ತಿರುಗುತ್ತಿದ್ದಳು. ಆಗ ಅವಳನ್ನು ನೋಡಬೇಕಿತ್ತು. ಶಾಲೆಗೆ ರಜೆ ಎಂದು ಕೇಳಿದ ಹುಡುಗಿಯ ಮುಖ.

ಒಂದು ದಿನ ಅವಳು ನನ್ನ ಮೇಲೆ ಚೌಕಳಿ ಹಾಕಿ, ಅಲ್ಲಲ್ಲಿ ದಪ್ಪ ಚುಕ್ಕಿ ಇಟ್ಟಳು. ಚುಕ್ಕಿ ಅಂದರೆ ನೆಲ, ಖಾಲಿ ಮನೆ ಅಂದರೆ ಸಮುದ್ರ. ಒಂದಕ್ಕೊಂದು ತಾಗಿದ ಚುಕ್ಕಿಗಳು ಸೇರಿ ಒಂದು ದ್ವೀಪ. ಒಟ್ಟು ದ್ವೀಪಗಳು ಎಷ್ಟು ಎಂದು ಎಣಿಸಬೇಕು. ಅವಳು ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ಸರ್ವಮಂಗಳಮ್ಮ ಮಾರ್ಕರ್ ಹಿಡಿದು ಆ ಚುಕ್ಕಿಗಳಿಗೆಲ್ಲ ಎಳೆ ಎಳೆದು ಮುಗಿಸಿದ್ದರು.

"ಅತ್ತೆ! ಇದೇನು ಮಾಡಿದ್ರಿ?"

"ಇಟ್ಟ ಚುಕ್ಕಿ ಹಾಗೇ ಬಿಡ್ತಾರೇನೇ? ಮನೆಗೆ ಒಳ್ಳೇದಲ್ಲ. ನೀನು ಮರೆತೆ ಅಂದ್ಕೊಂಡೆ."

"ಇದು ರಂಗೋಲಿ ಅಲ್ಲ ಅತ್ತೆ, ಲೆಕ್ಕ. ದಯವಿಟ್ಟು ಇದನ್ನ ಮುಟ್ಟಬೇಡಿ."

ಯಾಕೆ ಮುಟ್ಟಬಾರದು ಎಂದು ಹೇಳಲಿಲ್ಲ. ಅತ್ತೆ ಮುಖ ಸಪ್ಪೆ ಮಾಡಿಕೊಂಡು ಹೋದರು.

ಇಂಟರ್ವ್ಯೂ ಬಂದದ್ದು ಅವರೆಕಾಯಿಯ ಕಾಲದಲ್ಲಿ, ಮಧ್ಯಾಹ್ನ. ವಸುಧಾ ಮೇಲೆ ಒಳ್ಳೆಯ ಕುರ್ತಾ, ಕೆಳಗೆ ಮನೆಯ ಹಳೆ ಪೈಜಾಮ ತೊಟ್ಟು, ಲ್ಯಾಪ್‌ಟಾಪಿನ ಕ್ಯಾಮೆರಾವನ್ನು ನನ್ನತ್ತ ತಿರುಗಿಸಿದಳು. ಅತ್ತೆಗೆ, "ಒಂದು ಪಾಠ ಇದೆ," ಎಂದಷ್ಟೇ ಹೇಳಿದಳು. ಪರದೆಯಲ್ಲಿ ಗುಂಗುರು ಕೂದಲಿನ ಒಬ್ಬಾಕೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಆಕೆ ಕೊಟ್ಟದ್ದು ಅದೇ ದ್ವೀಪದ ಸಮಸ್ಯೆ! ನನಗೆ ಕುಣಿಯುವಷ್ಟು ಖುಷಿ. ವಸುಧಾ ಚೌಕಳಿ ಹಾಕಿದಳು, ಚುಕ್ಕಿ ಇಟ್ಟಳು. ಅಷ್ಟೇ. ಕೈ ನಿಂತಿತು.

ಬಾಯಿಪಾಠವಾಗಿದ್ದದ್ದೆಲ್ಲ ಎಲ್ಲಿಗೆ ಹೋಯಿತೋ. ಅವಳ ಉಸಿರು ನನ್ನ ಮೈಗೆ ಬಿಸಿಯಾಗಿ ತಾಗುತ್ತಿತ್ತು. ಒರೆಸಿಕೊಳ್ಳುವುದು ಗೊತ್ತು, ಬರೆಸಿಕೊಳ್ಳುವುದು ಗೊತ್ತು, ಹೇಳಿಕೊಡುವುದು ನನ್ನಂಥವಳಿಗೆ ಎಲ್ಲಿ ಬರಬೇಕು?

ಆಗ ಬಂದರು ಸರ್ವಮಂಗಳಮ್ಮ, ಮೊರದಲ್ಲಿ ಅವರೆಕಾಯಿ ಹಿಡಿದು. ಚುಕ್ಕಿಗಳನ್ನು ನೋಡಿದರು. ಚುಕ್ಕಿಯ ಮುಂದೆ ಕಂಬದಂತೆ ನಿಂತ ಸೊಸೆಯನ್ನು ನೋಡಿದರು. ಮುಟ್ಟಬೇಡಿ ಎಂದದ್ದು ಮರೆತುಹೋಯಿತೋ, ತಡೆಯಲಾಗಲಿಲ್ಲವೋ, ಮೊರ ಮೇಜಿನ ಮೇಲಿಟ್ಟು ಅವಳ ಕೈಯಿಂದ ಮಾರ್ಕರ್ ತೆಗೆದುಕೊಂಡೇಬಿಟ್ಟರು.

"ಸೇರಿಸೋಕೆ ಮರೆತುಹೋಯ್ತೇನೇ? ಹೀಗೆ ನೋಡು." ಪಕ್ಕದ ಚುಕ್ಕಿಗೆ ಒಂದು ಎಳೆ, ಕೆಳಗಿನದಕ್ಕೆ ಒಂದು ಎಳೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಇನ್ನೊಂದು. ಎರಡು ದ್ವೀಪಗಳು ಕೂಡಿ ಒಂದಾಗಿಹೋದವು.

"ಅತ್ತೆ, ಇಂಟರ್ವ್ಯೂ ನಡೀತಿದೆ!"

ಸರ್ವಮಂಗಳಮ್ಮ ಪರದೆಯ ಕಡೆ ತಿರುಗಿದರು. ಗುಂಗುರು ಕೂದಲಿನಾಕೆ ಅವರನ್ನೇ ನೋಡುತ್ತಿದ್ದರು. ಅತ್ತೆ ಸೆರಗು ಹೊದ್ದು, ಕೈಮುಗಿದು, ಮೊರವನ್ನೂ ಬಿಟ್ಟು ಅಡುಗೆಮನೆಗೆ ಓಡಿದರು. ಆಕೆ ನಕ್ಕರು. ವಸುಧಾಳಿಗೂ ತಡೆಯಲಾಗದೆ ನಗು ಬಂತು. ನಕ್ಕ ಮೇಲೆ ಭುಜ ಇಳಿಯಿತು, ಕಣ್ಣು ಚುಕ್ಕಿಗಳ ಮೇಲೆ ನಿಂತಿತು. ಆ ಓರೆ ಎಳೆಯನ್ನು ಬೆರಳಿನಿಂದ ಮುಟ್ಟಿ ಕೇಳಿದಳು:

"ಮೂಲೆಗೆ ಮೂಲೆ ತಾಗಿದರೂ ಒಂದೇ ದ್ವೀಪವೇ? ಇದನ್ನು ನಾನು ಮೊದಲೇ ಕೇಳಬೇಕಿತ್ತು."

"ಕೇಳುತ್ತೀರಾ ಎಂದು ಕಾಯುತ್ತಿದ್ದೆ," ಎಂದರು ಆಕೆ. "ಮೂಲೆ ತಾಗಿದರೆ ಸೇರಿದ ಹಾಗಲ್ಲ. ಪಕ್ಕ, ಮೇಲೆ, ಕೆಳಗೆ ಮಾತ್ರ."

ವಸುಧಾ ಓರೆ ಎಳೆಯನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಅವಳ ಕೈ ನಿಲ್ಲಲಿಲ್ಲ. ಅಂಚಿನ ಮನೆಯಿಂದ ಹೊರಗೆ ಕಾಲಿಟ್ಟರೆ ಪ್ರೋಗ್ರಾಂ ಮುಗ್ಗರಿಸುತ್ತದೆಂದು ಮೊದಲೇ ಬೇಲಿ ಕಟ್ಟಿದಳು. ಎಣಿಸಿದ ಚುಕ್ಕಿಯನ್ನು ಮತ್ತೆ ಎಣಿಸದಂತೆ ಗುರುತು ಹಾಕಿದಳು. ಬರೆಯುತ್ತಾ ಬರೆಯುತ್ತಾ ಗಟ್ಟಿಯಾಗಿ ಮಾತಾಡಿದಳು. ಆ ದನಿ ನಾನು ಅಲ್ಲಿಯವರೆಗೆ ಕೇಳದ ದನಿ.

ಮುಗಿದ ಮೇಲೆ ಅಡುಗೆಮನೆಗೆ ಹೋದಳು. ಅತ್ತೆ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಹೇಳಿದ್ರೆ ಬರ್ತಿದ್ನೇನೇ? ಬಾಯಿಗೆ ಬಟ್ಟೆ ಕಟ್ಟಿಕೊಂಡವಳ ಹಾಗೆ ಒಳಗೇ ಕೂತಿರ್ತಿದ್ದೆ. ಹಾಳುಮಾಡಿದೆ ನಿನ್ನ ಕೆಲಸಾನ."

"ಹೋದ ಸಲ ಎಲ್ಲರೂ ಪಾಪ ಅಂದ್ರು ಅತ್ತೆ. ಅದಕ್ಕೆ ಹೇಳಲಿಲ್ಲ."

ಅತ್ತೆ ಸೊಸೆಯ ಕಡೆ ತಿರುಗಿದರು. "ಅದು ನನ್ನಿಂದ ಆಗಿದ್ದು," ಎಂದರು. ಇಬ್ಬರೂ ಊಟದ ಮೇಜಿಗೆ ಬಂದು ಅವರೆಕಾಯಿ ಸುಲಿಯಲು ಕೂತರು.

ಕೆಲಸ ಸಿಕ್ಕಿತು. ಸುದ್ದಿ ಬಂದಾಗ ವಸುಧಾ ಗಂಡನಿಗೆ ಫೋನು ಮಾಡುವ ಮೊದಲು ಅತ್ತೆಯನ್ನು ಅಪ್ಪಿಕೊಂಡಳು. ಸರ್ವಮಂಗಳಮ್ಮ ಒಂದು ಗಂಟೆಯಷ್ಟೂ ಗುಟ್ಟು ಕಾಯಲಿಲ್ಲ. ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ನಮ್ಮ ವಸುಧಂಗೆ ಸಿಕ್ತು ಕಣೇ! ಅಷ್ಟು ಸುಲಭ ಅಂದ್ಕೋಬೇಡ. ನಾನೂ ಇದ್ದೆ ಆ ಇಂಟರ್ವ್ಯೂನಲ್ಲಿ."

ಈಗ ನಾನು ಮುದುಕಿ. ಎಷ್ಟು ಒರೆಸಿದರೂ ಮೈ ಪೂರ್ತಿ ಬಿಳಿಯಾಗುವುದಿಲ್ಲ. ವಸುಧಾಳ ಕೆಲಸದ ಕೋಣೆಯಲ್ಲಿ, ಬೀರುವಿನ ಪಕ್ಕ ಒರಗಿಕೊಂಡಿದ್ದೇನೆ. ಈಗ ಅವಳೇ ಬೇರೆಯವರ ಇಂಟರ್ವ್ಯೂ ಮಾಡುತ್ತಾಳೆ. ಕೆಲವೊಮ್ಮೆ ಆ ಕಡೆಯ ದನಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಆಗ ಅವಳು ಗಡಿಯಾರ ನೋಡುವುದಿಲ್ಲ. ಕುರ್ಚಿಗೆ ಒರಗಿ, "ನಿಧಾನವಾಗಿ ಯೋಚಿಸಿ. ಏನಾದರೂ ಕೇಳಬೇಕಿದ್ದರೆ ಕೇಳಿ," ಎನ್ನುತ್ತಾಳೆ. ಆಮೇಲೆ ಕಾಯುತ್ತಾಳೆ. ನಾನೂ ಕಾಯುತ್ತೇನೆ. ಆ ಕಡೆಯಿಂದ ಮೆಲ್ಲಗೆ ಮಾರ್ಕರಿನ ಸದ್ದು ಶುರುವಾದಾಗ, ನಮ್ಮಿಬ್ಬರ ಉಸಿರೂ ಒಟ್ಟಿಗೇ ಸಡಿಲವಾಗುತ್ತದೆ.