ಇಳಿಸುವ ಪದ

"ಆ ಹೊಟ್ಟೆ ಪದ ಒಂದು ಬಿಟ್ಟು ಹಾಡೋ ಮಾರಾಯ, ಹೆಂಗಸರು ಕೂತಿದಾರೆ," ಎಂದರು ಅಧ್ಯಕ್ಷರು. ಗೋದಾಮಿನಲ್ಲಿ ನಮ್ಮನ್ನು ಅದಕ್ಕಿಂತ ಹೊಲಸು ಪದಗಳಲ್ಲಿ ಕರೆಯುವ ನಮ್ಮ ಧಣಿಯೇ ಕಲಾ ಪ್ರತಿಷ್ಠಾನಕ್ಕೂ ಅಧ್ಯಕ್ಷ.

"ಅದನ್ನ ಬಿಟ್ರೆ ಭಾರ ಏಳಲ್ಲ ಸ್ವಾಮಿ," ಎಂದ ನಮ್ಮ ಪದಗಾರ.

ಹಮಾಲಿಗಳಾದ ನಾವು ಭಾರಕ್ಕೆ ಕೈ ಹಾಕಿದಾಗ ಅವನು ಪದ ಎಸೆಯುತ್ತಾನೆ, ನಾವು 'ಐಸಾ' ಎಂದು ಒಟ್ಟಿಗೆ ಉಸಿರು ಕಟ್ಟುತ್ತೇವೆ. ಎತ್ತುವುದಕ್ಕೊಂದು ಪದ, ಇಳಿಸುವುದಕ್ಕೊಂದು. ಇಳಿಸುವ ಪದ ಬೀಳುವ ತನಕ ಯಾರೂ ಕೈ ಸಡಿಲಿಸುವುದಿಲ್ಲ. ಪ್ರತಿಷ್ಠಾನ ಸ್ಥಳೀಯ ಕಲಾವಿದರಿಗೆ ಕೊಡುವ ಫೆಲೋಶಿಪ್‌ಗೆ ಈಗ ಆ ಹಾಡು ಬೇಕಂತೆ. ಆದರೆ ಕೊಡುವುದು ಒಬ್ಬೊಬ್ಬ ಕಲಾವಿದನಿಗೆ, ಗುಂಪಿಗಲ್ಲ. ಹಾಗಾಗಿ ನಮ್ಮನ್ನು ಬಾಗಿಲಾಚೆ ನಿಲ್ಲಿಸಿದ್ದರು. ಪದಗಾರ ಒಬ್ಬನೇ ಬಾಯಿ ತೆರೆದ. ಬರಿಗೈಯಲ್ಲಿ ದನಿ ಹೊರಡಲಿಲ್ಲ.

"ಏನಾದ್ರೂ ಎತ್ಕೊಂಡು ಹಾಡ್ಲಾ?"

ಕಾರ್ಯದರ್ಶಿ ಮೇಡಂ ಮೂಲೆಯ ಬೀರು ತೋರಿಸಿದರು. ಅವನು ಅದನ್ನು ಜರುಗಿಸುತ್ತಾ ಹಾಡಿದ. "ಅಬ್ಬಾ, ಎಷ್ಟು ಸಹಜ!" ಎಂದು ಮೇಡಂ ಕಣ್ಣೊರೆಸಿಕೊಂಡರು. ಅವನಿಗೆ ಫೆಲೋಶಿಪ್ ಸಿಕ್ಕಿತು; ಮೇಡಂ ಕಿಟಕಿಗೆ ಅಡ್ಡವಾಗಿದ್ದ ಬೀರುವೂ ಪುಕ್ಕಟೆ ಜಾಗ ಬಿಟ್ಟಿತು.

ಕರಾರು ಒಂದೇ: ವರ್ಷವಿಡೀ ಕಲೆ ಬಿಟ್ಟು ಬೇರೆ ಕೂಲಿ ಮಾಡಕೂಡದು.

"ನೋಡ್ರಪ್ಪಾ, ಕೂತು ತಿನ್ನೋ ಗಿರಾಕಿ ಆಗ್ಬಿಟ್ಟ ನಮ್ ಭಾವ!" ಎಂದು ನಮ್ಮ ಜೊತೆಗೇ ಭಾರ ಎತ್ತುವ ಅವನ ಭಾವಮೈದ ರೇಗಿಸಿದ.

"ಮುಚ್ಚೋ ಬಾಯಿ. ನಿಮ್ಮಕ್ಕನ ಮೊಣಕಾಲಿಗೆ ಔಷಧಿ ಆಗ್ಲಿ ಅಂತ ಒಪ್ಕೊಂಡೆ."

ಮುಂದಿನ ವಾರ ಗೋದಾಮಿನಲ್ಲಿ ಪದಗಾರನಿಲ್ಲದೆ ಕಬ್ಬಿಣದ ತೊಲೆ ಎತ್ತಿದೆವು. ಒಬ್ಬನ ಉಸಿರು ಮುಂದೆ, ಇನ್ನೊಬ್ಬನದು ಹಿಂದೆ. ತೊಲೆ ಜಾರಿ ಭಾವಮೈದನ ಬಲಗೈ ಮೇಲೆ ಕೂತಿತು.

"ಹಾಡಿಲ್ದೆ ಎತ್ತಕ್ಕೂ ಬರಲ್ವೇನ್ರೋ ಬೋಳಿಮಕ್ಳಾ?" ಧಣಿ ಮೊದಲು ನೋಡಿದ್ದು ತೊಲೆ ಬಾಗಿದೆಯೇ ಎಂದು. "ಕೈ ಅವನದು, ಆಸ್ಪತ್ರೆನೂ ಅವನದು. ನನ್ ಮುಂದೆ ಯಾಕೆ ಅಳ್ತೀರಿ?"

ಫೆಲೋಶಿಪ್ ಪ್ರದಾನದ ದಿನ, ವೇದಿಕೆಯ ಮೇಲೆ ಧಣಿಯ ಅಪ್ಪನ ಕಲ್ಲಿನ ಪ್ರತಿಮೆ ಜನರೆದುರೇ ಪೀಠ ಏರಬೇಕಿತ್ತು. ಹಗ್ಗ ಹಿಡಿದು ರಾಟೆಯ ಕೆಳಗೆ ನಾವು. ಎದೆಗೆ ಬಿಲ್ಲೆ ಚುಚ್ಚಿಕೊಂಡು ಕುರ್ಚಿಯಲ್ಲಿ ಪದಗಾರ. ಮುಂದಿನ ಸಾಲಿನಾಚೆ, ಗೋಡೆಗೊರಗಿ, ಬಲಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡ ಭಾವಮೈದ. ಫೋಟೋಕ್ಕೆಂದು ಧಣಿ ಖಾಲಿ ಪೀಠದ ಮೇಲೆ ಅಂಗೈ ಊರಿ ನಗುತ್ತಿದ್ದ.

ಜಗ್ಗಿದೆವು. ಪ್ರತಿಮೆ ನೆಲ ಬಿಡಲಿಲ್ಲ. ನಾವೂ ಬಿಡಿಸಲಿಲ್ಲ ಅನ್ನಿ.

"ಪದ ಹಾಕೋ," ಧಣಿ ನಗು ಕೆಡದಂತೆ ಹಲ್ಲುಗಳ ನಡುವೆಯೇ ಗದರಿದ.

"ಬೇರೆ ಕೆಲ್ಸ ಮಾಡಬಾರ್ದು ಅಂತ ಕರಾರು ಸ್ವಾಮಿ."

"ಇದು ಕೆಲ್ಸ ಅಲ್ವೋ ಹಡಬೆ, ಕಲೆ!"

"ಹಂಗಾದ್ರೆ ಪೂರ್ತಿ ಹಾಡ್ತೀನಿ."

ಎದ್ದು ಬಂದು ಮೈಕಿಗೆ ಬಾಯಿಟ್ಟ.

"ಧಣಿಯ ಹೊಟ್ಟೆ—"

"ಐಸಾ!"

"ದೊಡ್ಡ ಗುಡಾಣ—"

"ಐಸಾ!"

"ನಮ್ಮ ಬೆನ್ನ ಮೇಲೆ—"

"ಐಸಾ!"

"ಅವನಪ್ಪನ ಹೆಣ—"

"ಐಸಾ!" ಈ ಸಲ ಸಭಿಕರೂ ಕೂಗಿದರು. ಮೇಡಂ ತಾಳ ಹಾಕಿದರು. ಪ್ರತಿಮೆ ಪೀಠಕ್ಕಿಂತ ಮೇಲೇರಿ ಧಣಿಯ ಕೈಗೆ ನೇರ ಮೇಲೆ ತೂಗಿ ನಿಂತಿತು. ಪದಗಾರ ಹಾಡು ನಿಲ್ಲಿಸಿದ.

"ಇಳಿಸ್ರೋ!" ಧಣಿ ಕೂಗಿದ.

"ಇಳಿಸ್ತೀವಿ. ಅಲ್ಲಿ ನಿಂತಿದಾನಲ್ಲ ನನ್ ಭಾವಮೈದ, ಅವನ ಕೈಗೆ ಯಾರು ಹೊಣೆ ಅಂತ ಈ ಮೈಕಲ್ಲಿ ಹೇಳ್ಬಿಡಿ, ಇಳಿಸೋ ಪದ ಹಾಕ್ತೀನಿ." ತಲೆಯೆತ್ತಿ ಪ್ರತಿಮೆ ನೋಡಿದ. "ಅಲ್ಲೀತನಕ ನಿಮ್ ಕೈ ಬೇಕಾದ್ರೆ ಅಲ್ಲೇ ಇರ್ಲಿ. ಕೈ ನಿಮ್ದು."

ಧಣಿ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಮುಂದೇನು ಹಾಡು ಎಂದು ಸಭೆ ಕಾಯುತ್ತಿತ್ತು. ಹಗ್ಗ ನಮ್ಮ ಅಂಗೈ ಸುಡುತ್ತಿತ್ತು. ಯಾರೂ ಸಡಿಲಿಸಲಿಲ್ಲ. ಮೇಲೆ ಧಣಿಯ ಅಪ್ಪ ಮೆಲ್ಲಗೆ ತಿರುಗುತ್ತಾ ಸಭೆಗೆ ಬೆನ್ನು ಹಾಕಿದ.