ಗೋಡೆಯಿಲ್ಲದ ಬಾಗಿಲಿನ ಕಸ್ತೂರಿಬಾಯಿ

ಎದುರಿಗೆ ಯಾರಾದರೂ ಬಿದ್ದರೆ ಕಸ್ತೂರಿಬಾಯಿಯವರು ಮಾಡುವ ಮೊದಲ ಕೆಲಸ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಆಳಂದದ ಬಸ್ ನಿಲ್ದಾಣದಲ್ಲಿ ಕೋಲೂರಿ ಬರುತ್ತಿದ್ದ ಮುದುಕಿಯೊಬ್ಬಳು ಜಾರಿ ಕುಳಿತಾಗ, ಎತ್ತಲು ಧಾವಿಸಿದ ಜನರನ್ನೆಲ್ಲ ಗದರಿಸಿ ಹಿಂದೆ ಸರಿಸಿ, ಎರಡು ಮಾರು ದೂರ ನಿಂತು, "ಪೆಟ್ಟ ಆಗಿಲ್ಲಲ್ಲ ಯವ್ವಾ? ಹಂಗಾರ ಬಲಕ್ಕ ಹೊಳ್ಳು. ಮೊಣಕಾಲ ಊರು. ಹ್ಞೂಂ, ಇನ್ನೊಮ್ಮಿ" ಎನ್ನುತ್ತಿದ್ದ ಈ ಹೆಂಗಸನ್ನು ಮೊದಲ ಸಲ ಕಂಡಾಗ ನನಗೆ ಮೈಯೆಲ್ಲ ಉರಿದುಹೋಗಿತ್ತು. ಮುದುಕಿ ಮೂರನೆಯ ಪ್ರಯತ್ನಕ್ಕೆ ತಾನೇ ಎದ್ದಳು. ಎದ್ದವಳು ಇವರ ಏಳು ತಲೆಮಾರನ್ನು ಜಾಲಾಡಿ, ಕೋಲು ಕುಟ್ಟುತ್ತ ಹೊರಟುಹೋದಳು. ಕಸ್ತೂರಿಬಾಯಿ ಅತ್ತ ನೋಡಿ, "ಬೈಯೂದು ನೋಡ್ರಿ, ಉಸುರು ಭಾಳ ಚಲೋ ಅದ" ಎಂದರು.

ಐವತ್ತೆಂಟು ದಾಟಿದ ಗಿಡ್ಡ ದೇಹ. ನಡಿಗೆ ಮಾತ್ರ ಸಾಲು ತಪ್ಪದ ಎತ್ತಿನದು, ನೇರ, ಒಂದೇ ಹದ. ಇಳಕಲ್ ಸೀರೆಯನ್ನು ಗೇಣು ಮೇಲೆತ್ತಿ ಸಿಕ್ಕಿಸಿ, ಅದರ ಮೇಲೆ ತೊಡುವ ಬಿಳಿಯ ಕೋಟು ಜೇವರ್ಗಿಯ ಕರಿಮಣ್ಣಿನ ಧೂಳು ಕುಡಿದು ಎಂದೋ ಬೂದಿಬಣ್ಣಕ್ಕೆ ತಿರುಗಿದೆ. ಅದರ ಎಡಜೇಬಿನಲ್ಲಿ ಹುರಿದ ಶೇಂಗಾ, ಬಲಜೇಬಿನಲ್ಲಿ ದರ್ಜಿಯವರು ಬಳಸುವ ಅಳತೆಯ ಟೇಪು. "ಇನ್ನೊಮ್ಮಿ" ಎಂಬ ಒಂದೇ ಮಾತು ಅವರ ಮಂತ್ರ, ಬೈಗುಳ, ಆಶೀರ್ವಾದ. ರೋಗಿ ಕಾಲೆತ್ತಲು ಸೋತರೂ ಅದೇ, ಗೆದ್ದರೂ ಅದೇ. ನನ್ನ ಬಲಭುಜ ಬಿಗಿದುಕೊಂಡು ಅವರ ಕೈಗೆ ಸಿಕ್ಕ ಆರು ವಾರಗಳಲ್ಲಿ ಆ ಮಾತನ್ನು ನಾನು ಕನಸಿನಲ್ಲೂ ಕೇಳಿದ್ದುಂಟು.

ಮಾದನಹಿಪ್ಪರಗಾದ ಮಗಳು, ಸೊಲ್ಲಾಪುರದಲ್ಲಿ ಕಲಿತವರು. ಇಪ್ಪತ್ತು ವರ್ಷಗಳ ಕೆಳಗೆ ಕಲಬುರಗಿಯ ವಿಶ್ವವಿದ್ಯಾಲಯವೊಂದು ಫಿಜಿಯೋಥೆರಪಿ ವಿಭಾಗ ತೆರೆದು ಇವರನ್ನು ಕರೆದಾಗ, ಕೊಟ್ಟದ್ದು ಹಳೆಯ ಸೈಕಲ್ ಸ್ಟ್ಯಾಂಡಿಗೆ ಗೋಡೆ ಎಬ್ಬಿಸಿ ಮಾಡಿದ ಒಂದು ಹಜಾರ. ನಡಿಗೆ ಕಲಿಸುವ ಜೋಡಿ ಕಂಬಿಗಳನ್ನು ಆಳಂದದ ವೆಲ್ಡರ್ ಮಸೂದ ನೀರಿನ ಪೈಪಿನಿಂದ ಮಾಡಿಕೊಟ್ಟ. ಉಳಿದ ವಿಭಾಗಗಳ ಪಂಡಿತರು ಇದಕ್ಕೆ 'ಮಾಲೀಸ್ ಕಾಲೇಜು' ಎಂದು ಹೆಸರಿಟ್ಟು ಚಹಾದ ಹೊತ್ತಿಗೆ ನಗುತ್ತಿದ್ದರು. ವಿಭಾಗದ ಧ್ಯೇಯವೇನೆಂದು ಬರೆದುಕೊಡಿ ಎಂದು ಕೇಳಿದಾಗ ಕಸ್ತೂರಿಬಾಯಿಯೂ ಎಲ್ಲರಂತೆ ಜಾಗತಿಕ ಗುಣಮಟ್ಟ, ಸರ್ವಾಂಗೀಣ ಉತ್ಕೃಷ್ಟತೆ ಎಂದೆಲ್ಲ ಎರಡು ಹಾಳೆ ತುಂಬಿಸಿ ಕೊಟ್ಟರು. ಆ ಹಾಳೆಗಳನ್ನು ಹರಿದುಹಾಕುವಂತೆ ಮಾಡಿದವನು ಬೀರಣ್ಣ.

ಅಫಜಲಪುರ ತಾಲೂಕಿನ ಗೊಬ್ಬೂರದ ಈ ರೈತ ಲಕ್ವಾ ಹೊಡೆದು ಎಡಮೈ ಸತ್ತು ಬಂದಿದ್ದ. ಎರಡು ತಿಂಗಳು ಕಂಬಿ ಹಿಡಿದು, ಆಮೇಲೆ ಕೋಲು ಹಿಡಿದು, ಹಜಾರದ ನುಣುಪು ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ನಡೆದ ದಿನ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿ ಮನೆಗೆ ಕಳಿಸಿಕೊಟ್ಟರು. ಒಂಬತ್ತು ತಿಂಗಳ ಮೇಲೆ ಆ ಊರಿನ ಮದುವೆಯೊಂದಕ್ಕೆ ಹೋದ ಕಸ್ತೂರಿಬಾಯಿ, ಜೊತೆಗಿದ್ದ ಯಡ್ರಾಮಿಯ ಶ್ರೀಮಂತನೆಂಬ ವಿದ್ಯಾರ್ಥಿಯೊಡನೆ, ಬೀರಣ್ಣ ಎಷ್ಟು ಚೆನ್ನಾಗಿ ಓಡಾಡುತ್ತಿದ್ದಾನೆ ನೋಡೋಣವೆಂದು ಹೆಮ್ಮೆಯಿಂದಲೇ ಅವನ ಮನೆಗೆ ಹೋದರು. ಅವನ ಹೆಂಡತಿ ತುಳಜಾಬಾಯಿ ಬಾಗಿಲಲ್ಲಿ ನಿಂತು, "ಒಳಗ ಅದಾರ್ರಿ ಅಕ್ಕೋರ. ಬಂದ ದಿನ ಹೊತ್ತ ಒಳಗ ಹಾಕೀವಿ, ಹೊರಗ ಬಂದೇ ಇಲ್ರಿ" ಅಂದಳು.

ಆ ಬಾಗಿಲಿಗೆ ಗೇಣಿನ ಮೇಲೆ ನಾಲ್ಕು ಬೆರಳೆತ್ತರದ ಕಲ್ಲಿನ ಹೊಸ್ತಿಲು. ಶ್ರೀಮಂತ ಒಳಗೆ ಹೋಗಿ, "ಕಾಕಾ, ಮೊದಲ ಹೊಸ್ತಲಾ ಮ್ಯಾಲ ಕಾಲಿಡ್ರಿ, ಆಮ್ಯಾಲ ಆ ಕಡಿ ಇಳೀರಿ, ಅಷ್ಟ" ಎಂದು ತೋರಿಸಲು ಹೋದ. ಬೀರಣ್ಣ ಅವನನ್ನು ದಿಟ್ಟಿಸಿ, "ಅರಿಷಿಣ ಕುಂಕುಮ ಹಚ್ಚಿದ್ದು ಹೊಸ್ತಲಾ ತುಳಿ ಅಂತೀಯೇನಲೇ? ಸಾಲಿ ಕಲ್ತು ಇದ ಕಲ್ತಿಯೇನ್?" ಎಂದ. ಹುಡುಗ ನಾಚಿ ನೆಲ ನೋಡಿದ. ಹುಟ್ಟಿದಾಗಿನಿಂದ ಒಂದು ಹೊಸ್ತಿಲನ್ನೂ ತುಳಿಯದೆ ಬೆಳೆದವರು, ದಿನಕ್ಕೆ ಇಪ್ಪತ್ತು ಸಲ ಅದನ್ನು ದಾಟುವವರು, ಕಲಿಸುವಾಗ ಗುರು ಶಿಷ್ಯರಿಬ್ಬರೂ ಅದನ್ನು ಮರೆತಿದ್ದರು! ಕಸ್ತೂರಿಬಾಯಿ ಹೊಸ್ತಿಲಿನ ಹೊರಗೆ ಕುಕ್ಕರಗಾಲಲ್ಲಿ ಕುಳಿತು, "ತಪ್ಪು ನಂದ ಬೀರಣ್ಣ" ಎಂದವರೇ, ಪಕ್ಕದ ದರ್ಜಿಯ ಟೇಪು ತರಿಸಿ ಅದರ ಎತ್ತರ ಅಳೆದರು. ಆ ಟೇಪು ಇಂದಿಗೂ ಅವರ ಜೇಬಿನಲ್ಲಿದೆ.

ಮರಳಿ ಬಂದು ಅವರು ಬರೆದ ಧ್ಯೇಯ ಒಂದೇ ಸಾಲಿನದು: 'ರೋಗಿಯು ತನ್ನ ಮನೆಯಿಂದ ತಾನೇ ಹೊರಗೆ ಬರಬೇಕು, ತನ್ನ ಕೆಲಸ ಮಾಡಬೇಕು, ತಾನೇ ಮರಳಿ ಒಳಗೆ ಹೋಗಬೇಕು.' ಅಂದಿನಿಂದ ಮಂಗಳವಾರ ಆಳಂದ, ಗುರುವಾರ ಅಫಜಲಪುರ, ಶನಿವಾರ ಜೇವರ್ಗಿ. ರೋಗಿಯ ಹೊಸ್ತಿಲು, ಬಚ್ಚಲು, ಹೊಲದ ದಾರಿ ನೋಡದೆ ಯಾವ ವಿದ್ಯಾರ್ಥಿಯೂ ಅವನ ಮೈ ಮುಟ್ಟುವಂತಿಲ್ಲ. ಗೊಬ್ಬೂರದಲ್ಲಿ ಕೆಡವುತ್ತಿದ್ದ ಮನೆಯೊಂದರ ಹೊಸ್ತಿಲನ್ನು ಚೌಕಟ್ಟಿನ ಸಮೇತ ಟ್ರ್ಯಾಕ್ಟರಿನಲ್ಲಿ ಹೇರಿಸಿ ತಂದು ಹಜಾರದ ನಟ್ಟನಡುವೆ ನಿಲ್ಲಿಸಿದರು: ಅತ್ತಿತ್ತ ಗೋಡೆಯಿಲ್ಲದ, ಎಲ್ಲಿಗೂ ಹೋಗದ ಬಾಗಿಲು. ಮರುದಿನವೇ ಕಸಗುಡಿಸುವ ಸಕ್ಕುಬಾಯಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿಬಿಟ್ಟಿದ್ದಳು. ಶರಣರ ಹಾದಿಯ ಮನೆಯಲ್ಲಿ ಬೆಳೆದು, ಕಲ್ಲಿಗೆ ಕೈಮುಗಿಯುವುದನ್ನು ಕಂಡರೆ ಮೂಗು ಮುರಿಯುವ ಕಸ್ತೂರಿಬಾಯಿ ಒರೆಸು ಎಂದು ಗದರಲು ಬಾಯಿ ತೆರೆದವರು, ಅಷ್ಟರಲ್ಲಿ ಬಂದ ರೋಗಿಯೊಬ್ಬ ಆ ಬಣ್ಣ ಕಂಡೊಡನೆ ತಾನಾಗಿ ಕಾಲನ್ನು ಇನ್ನೂ ಮೇಲಕ್ಕೆ ಎತ್ತಿದ್ದನ್ನು ನೋಡಿ, ತೆರೆದ ಬಾಯಿಗೆ ಶೇಂಗಾ ಹಾಕಿಕೊಂಡರು. ಮತ್ತೆ ಹಜಾರಕ್ಕೆ ಕರೆಸಿಕೊಂಡ ಬೀರಣ್ಣ ಎರಡು ತಿಂಗಳಲ್ಲಿ ಆ ಕಲ್ಲನ್ನು ಸೋಕದೆ ದಾಟಿದ.

ಕಳೆದ ವರ್ಷ ಪರಿಶೀಲನಾ ಸಮಿತಿಯೊಂದು ಬಂತು. ವಿಭಾಗಕ್ಕೆ ಹೊಸ ಯಂತ್ರಗಳು ಬರಲಿವೆ, ಅವಕ್ಕೆ ಜಾಗವೂ ಜನವೂ ಬೇಕು. ಆದ್ದರಿಂದ ತಾಲೂಕಿನ ಮೂರು ದಿನಗಳನ್ನು ನಿಲ್ಲಿಸಬೇಕು, ರೋಗಿಗಳು ಎಡವುವಂತಿರುವ ಈ ಕಲ್ಲನ್ನು ತೆಗೆಸಬೇಕು, ಎಂಬುದು ಅವರು ಬರುವಾಗಲೇ ತಂದಿದ್ದ ಅಭಿಪ್ರಾಯ. ಭುಜದ ವ್ಯಾಯಾಮಕ್ಕೆಂದು ನಾನೂ ಅಂದು ಅಲ್ಲಿದ್ದೆ. ಸಮಿತಿಯ ಅಧ್ಯಕ್ಷರು ಮೊಣಕಾಲು ನೋವಿನ, ಕೋಲು ಹಿಡಿದ ವೃದ್ಧ ವೈದ್ಯರು.

"ತೆಗಸ್ತೇನ್ರಿ. ತಾವು ಒಮ್ಮೆ ದಾಟಿ ತೋರಸ್ರಿ, ಸಾಕು" ಅಂದರು ಕಸ್ತೂರಿಬಾಯಿ.

ಅಧ್ಯಕ್ಷರು ನಕ್ಕು, ಕೋಲೂರಿ, ಕಲ್ಲಿನ ಮೇಲಿಡಲು ಕಾಲೆತ್ತಿದರು. ಬೆಳಗಿನ ಕುಂಕುಮ ಇನ್ನೂ ಹಸಿಯಾಗಿತ್ತು. ಎತ್ತಿದ ಕಾಲು ಅಲ್ಲೇ ನಿಂತಿತು, ಹಿಂದಕ್ಕೆ ಬಂತು. ಹಿಡಿಯಲು ಓಡಿದ ವಿದ್ಯಾರ್ಥಿಗೆ "ಬಿಡಲೇ! ಕೈ ಹಿಂದ!" ಎಂದು ಕಸ್ತೂರಿಬಾಯಿ ಗುಡುಗಿದರು. ಪಕ್ಕದಿಂದ ಸುತ್ತಿ ಹೋಗಬಹುದಿತ್ತು, ಅಲ್ಲಿ ಗೋಡೆಯೇ ಇರಲಿಲ್ಲ. ಆದರೂ ಆ ವೃದ್ಧರು ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ಕಾಲನ್ನು ಮತ್ತೆ ಎತ್ತಿ, ಕಲ್ಲನ್ನು ಸೋಕದಂತೆ ಆಚೆ ಇಳಿದರು. ಹಣೆಯ ತುಂಬ ಬೆವರು.

"ಹ್ಞೂಂ, ಇನ್ನೊಮ್ಮಿ" ಎಂದರು ಕಸ್ತೂರಿಬಾಯಿ.

ಸಮಿತಿಯ ಉಳಿದವರ ಮುಖ ಕಪ್ಪಿಟ್ಟಿತು. ಅಧ್ಯಕ್ಷರು ಮಾತ್ರ ಮರಳಿ ದಾಟಿ ಬಂದು, ಕುರ್ಚಿಯಲ್ಲಿ ಕುಳಿತು, "ನಮ್ಮವ್ವನ ಮನ್ಯಾಗೂ ಇಷ್ಟ ಎತ್ತರ ಇತ್ರಿ. ಹತ್ತು ವರ್ಷ ಆತು, ಹೋಗಾಕ ಆಗಿಲ್ಲ" ಎಂದು ಮೆಲ್ಲಗೆ ಹೇಳಿದರು.

ಕಲ್ಲು ಉಳಿಯಿತು. ಆದರೆ ಮೂರು ದಿನಗಳನ್ನು ನಿಲ್ಲಿಸಿದ, ಊರೂರಿಗೆ ಹೋಗಲು ಕೊಟ್ಟಿದ್ದ ವಾಹನವನ್ನು ಹಿಂದಕ್ಕೆ ಪಡೆದ ಆದೇಶ ಮಾತ್ರ ತಿಂಗಳೊಳಗೆ ಬಂದೇಬಂತು. ಕಚೇರಿಗಳಿಗೆ ಹೊಸ್ತಿಲಿನ ಹಂಗು ಕಡಿಮೆ. ಕಸ್ತೂರಿಬಾಯಿ ಅದರ ಕೆಳಗೇ ಬರೆದು ಕಳಿಸಿದರು: 'ಓದಿದೆ. ಮಂಗಳವಾರ ಆಳಂದದಲ್ಲಿ ಸಿಗುತ್ತೇನೆ.' ಎರಡನೆಯ ನೋಟಿಸಿಗೆ ಗುರುವಾರ ಅಫಜಲಪುರದಲ್ಲಿ, ಮೂರನೆಯದಕ್ಕೆ ಶನಿವಾರ ಜೇವರ್ಗಿಯಲ್ಲಿ. ಕೆಲಸಕ್ಕೆ ಕುತ್ತು ಬಂದೀತೆಂದು, ಈಗ ಅಲ್ಲೇ ಅಧ್ಯಾಪಕನಾಗಿರುವ ಶ್ರೀಮಂತ ಎಚ್ಚರಿಸಿದರೆ, "ಬರ್ಲಿ ತಗೋ. ಅದನ್ನೂ ದಾಟೂಣು" ಎಂದು ಕೆಂಪು ಬಸ್ಸು ಹತ್ತಿದರು. ತಾವೂ ಬನ್ನಿ ಎಂದು ಯಾರನ್ನೂ ಕರೆಯಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಹಿಂದಿನ ಬಾಗಿಲಿನಿಂದ ಹನ್ನೊಂದು ಮಂದಿ ವಿದ್ಯಾರ್ಥಿಗಳು ಹತ್ತಿದರು, ಅವರ ಹಿಂದೆ ಶ್ರೀಮಂತ. ಆ ಆದೇಶ ಇಂದಿಗೂ ಜಾರಿಯಲ್ಲಿದೆ, ಮಂಗಳವಾರವೂ ಜಾರಿಯಲ್ಲಿದೆ.

ಮೊನ್ನೆ ಗೊಬ್ಬೂರಕ್ಕೆ ಹೋದಾಗ ಬೀರಣ್ಣ ಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದ. ಅಕ್ಕೋರ ಬಗ್ಗೆ ಕೇಳಿದೆ. "ಭಾಳ ಕೆಟ್ಟ ಹೆಣಮಗಳ್ರಿ. ಒಂದು ದಿನಾನೂ ಹಿಡದು ಎಬ್ಬಸಲಿಲ್ಲ" ಎಂದು ನಕ್ಕ. "ಅದಕ್ಕ ಇಲ್ಲಿ ಹೊರಗ ಕುಂತೇನಿ."

ಇಂಥವರನ್ನು ಪ್ರೀತಿಸಲು ನಾವು ಬಹಳ ತಡಮಾಡುತ್ತೇವೆ. ಬಿದ್ದವರನ್ನು ಎತ್ತಿದವರಿಗೆ ಶಾಲು ಹೊದಿಸುವುದು ಸುಲಭ. ಬಿದ್ದವನ ಮೇಲಿನ ನಂಬಿಕೆಯಿಂದ ದೂರ ನಿಂತು ಕಾಯುವವರನ್ನು ಮಾತ್ರ ಲೋಕ ಕಲ್ಲೆದೆಯವರೆಂದು ಕರೆದು ಸುಮ್ಮನಾಗುತ್ತದೆ. ಎದುರು ನಿಂತು ನೋಡುವವರಿಗೆ ಅವರ ಮುಖವಷ್ಟೇ ಕಾಣುತ್ತದೆ. ಅಧ್ಯಕ್ಷರು ಎತ್ತಿದ ಕಾಲು ಆ ಕಲ್ಲಿಗೆ ಸೋಕದೆ ಮೇಲೆ ತೂಗುತ್ತಿದ್ದಾಗ ನಾನು ಕಸ್ತೂರಿಬಾಯಿಯವರ ಬೆನ್ನ ಹಿಂದೆ ನಿಂತಿದ್ದೆ; ಅವರ ಎರಡೂ ಕೈಗಳು ಮುಂದೆ ಚಾಚಿಬಿಡದಂತೆ ಒಂದನ್ನೊಂದು ಹಿಡಿದುಕೊಂಡಿದ್ದವು, ಅಂಗೈಯಲ್ಲಿ ಉಗುರು ನಾಟುವಷ್ಟು.