ನಮ್ಮನೆಯವರು ಯಾವ ಹಕ್ಕಿ

ಹಲ್ಲಕ್ಕನಿಗೆ ಅನುಮಾನ ಹತ್ತಿದ್ದು ಅಟ್ಟದ ಮೇಲಿನ ಸೂಟ್‌ಕೇಸಿನಿಂದ. ಅದರ ಮೇಲೆ ಕೂತಿದ್ದ ಧೂಳು ಒಂದು ಬೆಳಿಗ್ಗೆ ಮಾಯವಾಗಿತ್ತು. ಆ ಮನೆಯ ಧೂಳು ತಾನಾಗಿ ಎದ್ದು ಹೋಗುವಂಥದ್ದಲ್ಲ. ಹೋಗಿದೆ ಎಂದರೆ ಒರೆಸಿದವರಿದ್ದಾರೆ. ಮನೆಯಲ್ಲಿ ಇರುವುದು ಅವಳು ಮತ್ತು ಅವಳ ತಂಗಿ, ಇಬ್ಬರೇ. ಒರೆಸಿದ್ದು ತಾನಲ್ಲ.

ಹಲ್ಲಕ್ಕ ಎಂಬುದು ಕೆಲಸದ ಜಾಗದಲ್ಲಿ ಅಂಟಿಕೊಂಡ ಹೆಸರು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬಿನಲ್ಲಿ ಅವಳದು ಪಳಗಿದ ಕೈ. ತಂಗಿಗೆ ಕಿವಿ ಮೆಷಿನ್ ಮಾರುವ ಅಂಗಡಿಯಲ್ಲಿ ಕೆಲಸ. ಅಕ್ಕ ಹಲ್ಲು, ತಂಗಿ ಕಿವಿ. ಮೂಗು ತೂರಿಸುವ ಕೆಲಸವೊಂದು ಉಳಿದಿತ್ತು, ಅದನ್ನೂ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಅವಳನ್ನು ಬೈದು ಪ್ರಯೋಜನವಿಲ್ಲ. ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ಸ್ಕೂಲಿನ ಹುಡುಗಿ. ಅವಳ ಜಡೆ, ಜ್ವರ, ಪರೀಕ್ಷೆ ಎಲ್ಲ ಅಕ್ಕನ ತಲೆಗೇ ಬಂತು. ಮದುವೆಯ ಮಾತು ಬಂದಾಗಲೆಲ್ಲ ‘ಇವಳದ್ದೊಂದು ದಾರಿಯಾಗಲಿ’ ಎಂದು ಮುಂದೆ ಹಾಕಿ ಹಾಕಿ ಕೊನೆಗೆ ಕೇಳುವವರೇ ಇಲ್ಲದಂತಾಯಿತು. ಈಗ ತಂಗಿಯೇ ಅವಳ ಸಂಸಾರ. ತಂಗಿ ಎದ್ದು ಹೋದರೆ ಅವಳ ಪಾಲಿಗೆ ಮಿಕ್ಕುವುದು ಬಾಡಿಗೆ ಮನೆಯ ನಾಲ್ಕು ಗೋಡೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಭಯ.

ಆ ಸಂಜೆ ತಂಗಿ ಬಂದು ಶಾಲನ್ನು ಕುರ್ಚಿಗೆ ಹಾಕಿದ್ದೇ ತಡ, ಹಲ್ಲಕ್ಕ ಅದನ್ನೆತ್ತಿ ಮೂಸಿದಳು. ಒಗೆಯಬೇಕೋ ಬೇಡವೋ ನೋಡಲು, ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟಕ್ಕೆ ಒಂದು ಸಲ ಮೂಸಿದರೆ ಸಾಕಿತ್ತು.

“ಫೋನ್ ಯಾಕೆ ಬೋರಲು ಹಾಕಿದ್ದೀಯ?”

“ಸುಮ್ನೆ ಕಣಕ್ಕ.”

“ಸೂಟ್‌ಕೇಸ್ ಯಾಕೆ ಇಳಿಸಿದ್ದೆ?”

“ಯಾವ ಸೂಟ್‌ಕೇಸು?”

“ಕಾಗೆ ಹಾರಿಸ್ಬೇಡ. ಧೂಳು ಒರೆಸಿದ್ದು ಕಾಣ್ಸಲ್ವಾ ನಂಗೆ?”

“ಅಯ್ಯೋ, ಎಲ್ಲದಕ್ಕೂ ನನ್ನ ಮೇಲೇ ಗೂಬೆ ಕೂರಿಸ್ಬೇಡ!” ಎಂದು ತಂಗಿ ಒಳಗೆ ಹೋದಳು.

ಹಲ್ಲಕ್ಕನಿಗೆ ಸೂಟ್‌ಕೇಸು ಮರೆತೇಹೋಯಿತು. ಇವಳ ಬಾಯಲ್ಲಿ ಗೂಬೆ ಯಾಕೆ ಬಂತು? ಎಲ್ಲರೂ ಆಡುವ ಮಾತೇ, ನಿಜ. ಆದರೂ ಇವತ್ತೇ ಯಾಕೆ?

ಯಾಕೆಂದರೆ ಹಲ್ಲಕ್ಕ ಯಾರಿಗೂ ತಿಳಿಯದಂತೆ ಗೂಬೆಯಾಗಿದ್ದಳು. ಆನ್‌ಲೈನ್‌ನಲ್ಲಿ ‘ಹಕ್ಕಿಗೂಡು’ ಎಂಬ ಗುಂಪೊಂದಿತ್ತು. ಮನುಷ್ಯರ ಸ್ವಭಾವವನ್ನು ಇಂಥಿಂಥ ಬಗೆ ಎಂದು ಹಂಚಿ, ಒಂದೊಂದಕ್ಕೂ ಒಂದು ಹಕ್ಕಿಯ ಹೆಸರಿಟ್ಟವರ ಗುಂಪು. ಅಡುಗೆ, ಅಳು, ಅಕ್ಕರೆ ಇದ್ದವರು ಗುಬ್ಬಿ. ಮಾತಿನ ಮಲ್ಲರು ಗಿಳಿ. ಹಿಡಿದದ್ದನ್ನು ಬಿಡದವರು ಗಿಡುಗ. ದೂರ ಕೂತು ಎಲ್ಲವನ್ನೂ ಕಂಡು ತಿಳಿಯುವ ಅಪರೂಪದವರು ಗೂಬೆ. ಹೊರಗೆ ಯಾರನ್ನಾದರೂ ಗೂಬೆ ಎಂದರೆ ಜಗಳವಾಗುತ್ತದೆ. ಗೂಡಿನೊಳಗೆ ಆ ಹೆಸರಿಗಾಗಿಯೇ ಜಗಳ. ಹಲ್ಲಕ್ಕ ಮೊದಲ ಸಲ ಪ್ರಶ್ನೆಗಳಿಗೆ ಉತ್ತರಿಸಿದಾಗ ಗುಬ್ಬಿ ಎಂದು ಬಂದಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದೇನಾ ಹೆಸರು? ಉತ್ತರಗಳನ್ನು ಅಲ್ಲಿ ಇಲ್ಲಿ ತಿದ್ದಿ ಗೂಬೆ ಬರುವ ತನಕ ಬಿಡಲಿಲ್ಲ. ಆಮೇಲೆ ‘ಹಳೇಗೂಬೆ’ ಎಂಬ ಹೆಸರಿನಲ್ಲಿ ಕೂತು, ಬಂದವರ ಬರಹ ಓದಿ ‘ನೀನು ಸುಳ್ಳು ಗೂಬೆ’, ‘ನೀನು ಗಿಳಿಯೇ ಅಲ್ಲ, ತಪ್ಪು ಹಕ್ಕಿ’ ಎಂದು ತೀರ್ಪು ಕೊಡತೊಡಗಿದಳು. ಉಳಿದವರು ತಲೆದೂಗುತ್ತಿದ್ದರು. ಬಾಯಿ ನೋಡದೆ ಅಚ್ಚು ನೋಡಿ ಹಲ್ಲು ಕಟ್ಟುವವಳಿಗೆ, ಮುಖ ನೋಡದೆ ಬರಹ ನೋಡಿ ಹಕ್ಕಿ ಹೇಳುವುದು ಯಾವ ಮಹಾ ಕೆಲಸ? ಒಂದೇ ವ್ಯತ್ಯಾಸ, ಸೆಟ್ ಸರಿಯಾಗಿ ಕೂರದಿದ್ದರೆ ಲ್ಯಾಬಿಗೆ ವಾಪಸ್ ಬರುತ್ತಿತ್ತು. ಗೂಡಿನಲ್ಲಿ ಹೇಳಿದ್ದು ವಾಪಸ್ ಬರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಪ್ಲಾಸ್ಟರ್ ಪುಡಿ ಹತ್ತಿದ ಬೆರಳಿನಿಂದಲೇ ಹಲ್ಲಕ್ಕ ಗೂಡು ತೆರೆದಳು. ‘ಪುಕ್ಕ’ ಎಂಬ ಹೊಸ ಹೆಸರಿನವರೊಬ್ಬರು ಬರೆದಿದ್ದರು:

“ನಮ್ಮನೆಯವರು ಯಾವ ಹಕ್ಕಿ, ದಯವಿಟ್ಟು ಹೇಳಿ. ನಾನು ಹೊರಗಿಂದ ಬಂದ ಕೂಡಲೇ ನನ್ನ ಬಟ್ಟೆ ಮೂಸುತ್ತಾರೆ. ಫೋನಿನ ಮೇಲೆ ಸದಾ ಕಣ್ಣು. ನಾನು ಬರುವ ತನಕ ಊಟ ಮಾಡುವುದಿಲ್ಲ, ಆಮೇಲೆ ಅದನ್ನೇ ಎತ್ತಿ ಆಡುತ್ತಾರೆ. ಪ್ರೀತಿ ಇಲ್ಲ ಅಂತ ಹೇಳಲಾರೆ. ನನಗೀಗ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಅವರನ್ನೂ ಕರೆದುಕೊಂಡು ಹೋಗುವ ಆಸೆ, ಬಾಯಿ ಬಿಟ್ಟು ಕೇಳಲು ಭಯ. ಇಂಥ ಹಕ್ಕಿಯನ್ನು ನಂಬಿ ಹೇಳಬಹುದಾ?”

ನಮ್ಮನೆಯವರು ಎಂದರೆ ಗಂಡ. ಕನ್ನಡ ಬಲ್ಲ ಯಾರಿಗೆ ಇದನ್ನು ಬಿಡಿಸಿ ಹೇಳಬೇಕು? ಗಂಡನ ಹೆಸರು ಹೇಳಲು ನಾಚಿಕೊಂಡ ಯಾವಳೋ ಪಾಪದವಳು ಎಂದು ಹಲ್ಲಕ್ಕ ತೀರ್ಮಾನಿಸಿದಳು. ಯಾರೋ ಕೆಳಗೆ, ‘ಊಟಕ್ಕೆ ಕಾಯುತ್ತಾರೆ ಎಂದರೆ ಗುಬ್ಬಿ ಇರಬಹುದು’ ಎಂದಿದ್ದರು. ಹಲ್ಲಕ್ಕನಿಗೆ ನಗು ಬಂತು. ಗಂಡಸು ಎಲ್ಲಾದರೂ ಗುಬ್ಬಿಯಾಗುವುದುಂಟೇ? ಬಟ್ಟೆ ಮೂಸುವವರು ಹೆಂಗಸಾದರೆ ಗುಬ್ಬಿ, ಗಂಡಸಾದರೆ ಗಿಡುಗ. ಗೂಡಿನಲ್ಲಿ ಇದನ್ನು ಯಾರೂ ನಿಯಮ ಅಂತ ಮಾಡಿರಲಿಲ್ಲ, ಆದರೆ ಎಲ್ಲರೂ ಹಾಗೇ ಹೇಳುತ್ತಿದ್ದರು. ಶಾಲನ್ನು ಬಿಡದೆ ಮೂಸಿದ ಮೂಗಿಗೆ ಇಲ್ಲಿ ಮಾತ್ರ ಯಾವ ವಾಸನೆಯೂ ಹತ್ತಲಿಲ್ಲ.

ಅವಳು ಬರೆದಳು: “ಇದು ಗಿಡುಗ, ಅನುಮಾನವೇ ಬೇಡ. ಕಾಯುವುದಕ್ಕೂ ಕಾವಲು ಕೂರುವುದಕ್ಕೂ ವ್ಯತ್ಯಾಸ ತಿಳಿಯದ ಹಕ್ಕಿ. ಹೇಳಿದರೆ ಅತ್ತು ಕರೆದು ಕಟ್ಟಿಹಾಕುತ್ತಾರೆ. ಹೇಳದೆ ಕೇಳದೆ ಹೊರಟುಬಿಡಿ.”

ಗೂಡಿಗೆ ಗೂಡೇ ಹೌದೌದು ಎಂದಿತು. ಸ್ವಲ್ಪ ಹೊತ್ತಿನಲ್ಲಿ ಪುಕ್ಕ, “ಕಣ್ಣು ತೆರೆಸಿದಿರಿ” ಎಂದು ಬರೆದಳು. ಒಬ್ಬಳನ್ನು ಬಿಡಿಸಿದ ಖುಷಿಯಲ್ಲಿ ಹಲ್ಲಕ್ಕ ಆ ದಿನ ಮೇಣದಲ್ಲಿ ಜೋಡಿಸಿದ ಹಲ್ಲುಗಳು ತುಂಬಾ ಚೆನ್ನಾಗಿ ಬಂದವು.

ಆದರೆ ಮನೆಯಲ್ಲಿ ತಂಗಿ ಒಮ್ಮೆಗೇ ಒಳ್ಳೆಯವಳಾಗಿಬಿಟ್ಟಳು. ಕೇಳಿದ್ದಕ್ಕೆಲ್ಲ ನಗುತ್ತ ಉತ್ತರ. ಹೊತ್ತಿಗೆ ಸರಿಯಾಗಿ ಮನೆ. ಜಗಳವಾಡುತ್ತಿದ್ದ ಹುಡುಗಿ ಜಗಳ ಬಿಟ್ಟದ್ದು ಹಲ್ಲಕ್ಕನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ತಡೆಯಲಾರದೆ ಒಂದು ದಿನ ಕೆಲಸ ಬೇಗ ಮುಗಿಸಿ ಕಿವಿ ಅಂಗಡಿಗೆ ಹೋದಳು. ತಂಗಿ ಇರಲಿಲ್ಲ. ಅಂಗಡಿಯ ಯಜಮಾನ ತಾನೇ ಎದ್ದು ಬಂದು ಕುರ್ಚಿ ಎಳೆದ.

“ನಿಮ್ಮ ತಂಗೀನ ಬಿಟ್ಟುಕೊಡೋಕೆ ನಮಗೂ ಕಷ್ಟಾನೇ. ಆದ್ರೆ ಆ ಊರಿನ ನಮ್ಮ ಹೊಸ ಅಂಗಡಿಗೆ ಅವ್ರಷ್ಟು ನಂಬಿಕಸ್ತರು ಬೇರೆ ಯಾರಿದ್ದಾರೆ? ನಾಳೆ ಬೆಳಿಗ್ಗೆ ನೀವೇ ಬಸ್ ಹತ್ತಿಸ್ತೀರಲ್ವಾ?”

“ಹೂಂ” ಎಂದಳು ಹಲ್ಲಕ್ಕ.

ಮನೆಗೆ ಬಂದರೆ ಮಂಚದ ಮೇಲೆ ಸೂಟ್‌ಕೇಸು ಬಾಯ್ತೆರೆದುಕೊಂಡಿತ್ತು. ತಂಗಿ ಬಟ್ಟೆ ಮಡಚುತ್ತಿದ್ದಳು. ಅಕ್ಕನನ್ನು ಕಂಡು ಅವಳ ಕೈ ನಿಂತಿತು.

“ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವೇನೇ ನಿಂಗೆ?”

“ಅನ್ನಿಸ್ತು. ನಿನ್ನನ್ನೂ ಕರ್ಕೊಂಡು ಹೋಗ್ಬೇಕು ಅಂತಾನೇ ಇದ್ದೆ. ಅಲ್ಲಿ ಹಲ್ಲಿನ ಲ್ಯಾಬ್ ಎಲ್ಲೆಲ್ಲಿದೆ ಅಂತ ಕೂಡ ವಿಚಾರಿಸಿದ್ದೆ ಅಕ್ಕ.”

“ಮತ್ತೆ?”

“ತಿಳಿದವ್ರನ್ನ ಕೇಳ್ದೆ. ಸ್ವಭಾವ ನೋಡಿ ಹೇಳೋ ಜನ, ಆನ್‌ಲೈನ್‌ನಲ್ಲಿ. ನಿಂಗೆ ಅದೆಲ್ಲ ಗೊತ್ತಾಗಲ್ಲ.” ತಂಗಿಯ ಕಣ್ಣು ತುಂಬಿತ್ತು. “ಕಾಯೋದಕ್ಕೂ ಕಾವಲು ಕೂರೋದಕ್ಕೂ ವ್ಯತ್ಯಾಸ ತಿಳಿಯದ ಹಕ್ಕಿ ಅಂದ್ರು ನಿನ್ನ. ಓದಿ ಅತ್ತುಬಿಟ್ಟೆ. ಆದ್ರೆ ನಿಜ ಅಲ್ವಾ?”

ಹಲ್ಲಕ್ಕ ಕಟ್ಟಿ ಕಳಿಸಿದ ಮಾತು ವಾಪಸ್ ಬಂದಿತ್ತು.

“ಅದು ಗಂಡನ ವಿಷಯ ಅಲ್ವೇನೇ?” ಎಂದು ಒದರಿಬಿಟ್ಟಳು. “ನಮ್ಮನೆಯವರು ಅಂತ ಬರೆದಿದ್ದೆಯಲ್ಲೇ!”

ತಂಗಿ ತಿರುಗಿ ನೋಡಿದಳು. “ನಮ್ಮನೇಲಿ ಇರೋದು ನೀನೊಬ್ಳೇ. ಇನ್ಯಾರನ್ನ ಮನೆಯವರು ಅನ್ಲಿ?” ಎಂದವಳು ಅಲ್ಲಿಗೇ ತಡೆದಳು. ಅವಳ ಮುಖದ ಬಣ್ಣ ಬದಲಾಯಿತು. “ನಾನು ಹಾಗೆ ಬರ್ದಿದ್ದು ನಿಂಗೆ ಹೇಗೆ ಗೊತ್ತು?”

“ಆ ಹಳೇಗೂಬೆ ನಾನೇ ಕಣೆ. ನಿನ್ನಾಣೆ, ಬರ್ದಿದ್ದು ನೀನು ಅಂತ ಗೊತ್ತಿರ್ಲಿಲ್ಲ. ನನ್ನ ಬಗ್ಗೆ ಅಂತಾನೂ ಗೊತ್ತಿರ್ಲಿಲ್ಲ. ಯಾರೋ ಗಂಡಸು ಅಂದ್ಕೊಂಡು ಬರ್ದೆ. ನಾನು ಗಿಡುಗ ಅಲ್ಲ ಕಣೆ, ಗೂಬೇನೂ ಅಲ್ಲ. ಮೊದ್ಲು ಬಂದಿದ್ದು ಗುಬ್ಬಿ ಅಂತಾನೇ.”

ಹಲ್ಲಕ್ಕ ಅಳುತ್ತಿದ್ದಳು. ಯಾರ ಮುಂದೆಯೂ ಒಪ್ಪದ ಮಾತನ್ನು ಒಪ್ಪಿದ್ದಳು. ತಂಗಿ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ಅವಳಿಗೆ ಅನ್ನಿಸಿತ್ತು. ತಂಗಿ ನಿಂತಲ್ಲೇ ನಿಂತು, ಅಕ್ಕನೇ ಕಲಿಸಿದ ಕಣ್ಣಿನಲ್ಲಿ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

“ಅಲ್ಲಿಗೂ ಬಂದ್ಯಾ ನನ್ನ ಹಿಂದೆ?”

“ಇಲ್ಲ ಕಣೆ, ನಾನು ನಿನಗಿಂತ ಎಷ್ಟೋ ಮೊದಲಿಂದ ಅಲ್ಲಿದ್ದೀನಿ. ಬೇಕಾದ್ರೆ ನೋಡು.” ಹಲ್ಲಕ್ಕ ಬ್ಯಾಗಿನಿಂದ ಫೋನು ತೆಗೆದು, ಹಕ್ಕಿಗೂಡು ತೆರೆದು, ತಂಗಿಯ ಮುಂದೆ ಮಂಚದ ಮೇಲೆ ಇಟ್ಟಳು. “ನೋಡೇ. ಎಲ್ಲಾ ಇದೆ.”

ತಂಗಿ ನೋಡಲಿಲ್ಲ. ಆ ಫೋನನ್ನು ಬೋರಲು ಹಾಕಿ, ಉಳಿದ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬತೊಡಗಿದಳು.